ಬೊಜ್ಜಿಗೆ ಯಾವ ವ್ಯಾಯಾಮ? ಚಯಾಪಚಯಕ್ಕೂ ನರಮಂಡಲಕ್ಕೂ ಯಾವುದು ಎಷ್ಟು ಒದಗುತ್ತದೆ ಎಂಬ ಹೋಲಿಕೆ

ವ್ಯಾಯಾಮ ಆರಿಸಿಕೊಳ್ಳುವಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಅರ್ಧ ಗಂಟೆಗೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂಬುದು. ಈ ಲೆಕ್ಕ ಒಮ್ಮೆ ಹಾಕಿ ನೋಡುವುದೇ ಒಳ್ಳೆಯದು, ಆಮೇಲೆ ಅದರ ಗೋಜಿಗೆ ಹೋಗಬೇಕಿಲ್ಲ. 90 ಕೆ.ಜಿ. ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಖರ್ಚು ಸುಮಾರು 3.5 ಮೆಟ್, ಸುಮ್ಮನೆ ಕೂತಾಗಿನ ಖರ್ಚು 1 ಮೆಟ್. ಮೆಟ್ ಅನ್ನು 3.5ರಿಂದಲೂ ತೂಕದಿಂದಲೂ ಗುಣಿಸಿ 200ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಕ್ಯಾಲೊರಿ ಎಂದು ಸಿಗುತ್ತದೆ: ಇಲ್ಲಿ 5.5. ಅರ್ಧ ಗಂಟೆಗೆ 165. ನಡೆಯದೆ ಕೂತಿದ್ದರೂ 47 ಖರ್ಚಾಗುತ್ತಿತ್ತು, ಅದನ್ನು ಕಳೆದರೆ ಉಳಿಯುವುದು 118. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ಒಂದು ಕಿಲೊ ಇಳಿಯಲು 65 ನಡಿಗೆ, ಅದೂ ಊಟ ಒಂದು ತುತ್ತೂ ಹೆಚ್ಚಾಗದಿದ್ದರೆ, ಉಳಿದ ಹೊತ್ತು ಎಂದಿಗಿಂತ ಹೆಚ್ಚು ಕೂರದಿದ್ದರೆ. ತೂಕದ ಯಂತ್ರವನ್ನೇ ನಂಬಿದವರು ಎರಡು ತಿಂಗಳಲ್ಲಿ ಬೂಟು ಬಿಚ್ಚಿಡುವುದಕ್ಕೆ ಕಾರಣ ಇದೇ.

ಆದರೆ ಅದೇ ಎರಡು ತಿಂಗಳಲ್ಲಿ ತೂಕ ಒಂದೇ ಕಡೆ ನಿಂತಿದ್ದರೂ ಸ್ನಾಯು ಸಕ್ಕರೆ ಎಳೆದುಕೊಳ್ಳುವ ರೀತಿ ಬದಲಾಗಿರುತ್ತದೆ, ಲಿವರ್‌ನ ಕೊಬ್ಬು ಕಡಿಮೆಯಾಗಿರುತ್ತದೆ, ಹೃದಯ ಮತ್ತು ರಕ್ತನಾಳಗಳನ್ನು ನಡೆಸುವ ನರಗಳ ಬಿಗಿ ಸಡಿಲವಾಗತೊಡಗಿರುತ್ತದೆ. ಹಾಗಾಗಿ ಇಲ್ಲಿ ವ್ಯಾಯಾಮಗಳನ್ನು ತೂಗುವುದು ಬೇರೆ ಎರಡು ಪ್ರಶ್ನೆಗಳಿಂದ. ಸಕ್ಕರೆ ಮತ್ತು ಕೊಬ್ಬಿನ ಬಳಕೆಗೆ ಅದು ಏನು ಮಾಡುತ್ತದೆ? ನರಗಳಿಗೆ ಏನು ಮಾಡುತ್ತದೆ? ಉತ್ತರಗಳು ಒಂದೇ ಅಲ್ಲ, ಅವುಗಳ ಅವಧಿಯೂ ಒಂದೇ ಅಲ್ಲ.

ದಿನಗಳಲ್ಲಿ ಬರುವುದು, ತಿಂಗಳುಗಳಲ್ಲಿ ಬರುವುದು

ಬೊಜ್ಜಿನಲ್ಲಿ ಸ್ನಾಯುವಿನ ಕೋಶ ಇನ್ಸುಲಿನ್‌ನ ಮಾತು ಸರಿಯಾಗಿ ಕೇಳುವುದಿಲ್ಲ. ಇನ್ಸುಲಿನ್ ಸಂಕೇತ ಸಿಕ್ಕಾಗ ಗ್ಲುಟ್-4 ಎಂಬ ಸಾಗಣೆ ಪ್ರೋಟೀನ್ ಕೋಶದ ಒಳಗಿನಿಂದ ಹೊರಪೊರೆಗೆ ಬಂದು ಸಕ್ಕರೆಯನ್ನು ಒಳಗೆ ಬಿಡಬೇಕು. ಆ ಕೆಲಸ ನಿಧಾನವಾಗಿರುತ್ತದೆ. ಸ್ನಾಯು ಸಂಕುಚಿಸಿದಾಗ ಇದೇ ಪ್ರೋಟೀನ್ ಇನ್ಸುಲಿನ್‌ನ ಹಂಗಿಲ್ಲದೆ ಪೊರೆಗೆ ಬರುತ್ತದೆ. ಇನ್ಸುಲಿನ್ ದಾರಿ ಕೆಟ್ಟಿದ್ದರೂ ಈ ಎರಡನೇ ದಾರಿ ಕೆಡದೆ ಉಳಿದಿರುತ್ತದೆ ಎಂಬುದೇ ಬೊಜ್ಜಿದ್ದವರಿಗೆ ವ್ಯಾಯಾಮ ಫಲಿಸುವುದರ ಗುಟ್ಟು. ವ್ಯಾಯಾಮ ಮುಗಿದ ಮೇಲೂ ಇನ್ಸುಲಿನ್‌ಗೆ ಸ್ನಾಯುವಿನ ಸ್ಪಂದನೆ ಒಂದರಿಂದ ಮೂರು ದಿನ ಹೆಚ್ಚಿರುತ್ತದೆ, ಆಮೇಲೆ ಇಳಿಯುತ್ತದೆ. ವಾರಕ್ಕೊಮ್ಮೆ ಭಾನುವಾರ ಮೂರು ಗಂಟೆ ಬೆವರಿಳಿಸಿದವರಿಗಿಂತ ದಿನ ಬಿಟ್ಟು ದಿನ 40 ನಿಮಿಷ ನಡೆದವರ ಸಕ್ಕರೆ ಹಿಡಿತದಲ್ಲಿರುವುದು ಇದಕ್ಕೇ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂಬ ಸಲಹೆ ಹುಟ್ಟಿದ್ದೂ ಇಲ್ಲಿಂದಲೇ.

ನರಗಳ ವಿಷಯ ಬೇರೆ. ನಮ್ಮ ಇಚ್ಛೆಗೆ ಕಾಯದೆ ಹೃದಯ, ರಕ್ತನಾಳಗಳನ್ನು ನಡೆಸುವ ಸ್ವಾಯತ್ತ ನರಮಂಡಲದಲ್ಲಿ ಎರಡು ಭಾಗ: ಓಟಕ್ಕೆ, ಹೋರಾಟಕ್ಕೆ ಸಜ್ಜುಗೊಳಿಸುವ ಸಿಂಪಥೆಟಿಕ್, ವಿಶ್ರಾಂತಿಗೆ ಇಳಿಸುವ ಪ್ಯಾರಾಸಿಂಪಥೆಟಿಕ್. ಮೊಣಕಾಲ ಬಳಿಯ ನರಕ್ಕೆ ಕೂದಲೆಳೆಯಷ್ಟು ಸೂಜಿ ಹಾಕಿ ಅಳೆದಾಗ, ಬೊಜ್ಜಿದ್ದವರಲ್ಲಿ ಸ್ನಾಯುವಿನ ರಕ್ತನಾಳಗಳಿಗೆ ಹೋಗುವ ಸಿಂಪಥೆಟಿಕ್ ಸಂಕೇತಗಳು ಸುಮ್ಮನೆ ಮಲಗಿದ್ದಾಗಲೂ ಹೆಚ್ಚಿರುವುದು ಕಂಡಿದೆ. ಮೂತ್ರಪಿಂಡಕ್ಕೆ ಹೋಗುವ ಸಂಕೇತಗಳೂ ಹೆಚ್ಚು. ಅದರಿಂದ ದೇಹ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ, ಬಿ.ಪಿ. ಏರುತ್ತದೆ. ರಕ್ತದಲ್ಲಿ ಹೆಚ್ಚಿರುವ ಇನ್ಸುಲಿನ್ ಮತ್ತು ಲೆಪ್ಟಿನ್ (ಕೊಬ್ಬಿನ ಕೋಶ ಬಿಡುವ ಹಾರ್ಮೋನು), ನಿದ್ದೆಯಲ್ಲಿ ಉಸಿರುಗಟ್ಟುವುದು, ಕತ್ತಿನ ರಕ್ತನಾಳದಲ್ಲಿ ಒತ್ತಡ ಅಳೆಯುವ ಗ್ರಾಹಕಗಳು ಮಂಕಾಗುವುದು, ಇವೆಲ್ಲ ಸೇರಿ ಈ ಬಿಗಿಯನ್ನು ಕಾಯ್ದಿರುತ್ತವೆ.

ವಿಚಿತ್ರವೆಂದರೆ ಇಷ್ಟು ಸಿಂಪಥೆಟಿಕ್ ಗದ್ದಲವಿದ್ದರೂ ಕೊಬ್ಬಿನ ಕೋಶ ಕರಗುವುದಿಲ್ಲ. ಸಿಂಪಥೆಟಿಕ್ ನರಗಳು ಬಿಡುವ ನಾರ್ ಅಡ್ರಿನಲಿನ್ ಎಂಬ ರಾಸಾಯನಿಕ ಬಂದು ತಟ್ಟಿದಾಗ ಕೊಬ್ಬು ಬಿಡಬೇಕಾದ ಕೋಶ, ಬೊಜ್ಜಿನಲ್ಲಿ ಆ ತಟ್ಟುವಿಕೆಗೆ ಮಂದವಾಗಿರುತ್ತದೆ. ಕೆಲವು ತಿಂಗಳ ಏರೋಬಿಕ್ (ನಡಿಗೆ, ಸೈಕಲ್‌ನಂತೆ ಎಡೆಬಿಡದೆ ಮಾಡುವ) ತರಬೇತಿ ಈ ಸ್ಪಂದನೆಯನ್ನು ಮತ್ತೆ ಚುರುಕುಗೊಳಿಸುತ್ತದೆ. ಆಹಾರ ನಿಯಂತ್ರಣದ ಜೊತೆ ನಡೆಸಿದ ತರಬೇತಿ ವಿಶ್ರಾಂತಿಯಲ್ಲಿನ ನರಸಂಕೇತಗಳನ್ನೂ ಇಳಿಸುತ್ತದೆ. ಇದು ಒಂದು ನಡಿಗೆಯಿಂದ ಬರುವ ಫಲವಲ್ಲ. ಎಂಟು ವಾರದಿಂದ ನಾಲ್ಕು ತಿಂಗಳ ಕೆಲಸ.

ಮೊದಲು ನಿಮ್ಮ ಅಳತೆ ತೆಗೆದುಕೊಳ್ಳಿ

ಯಾವುದನ್ನು ಆರಿಸಿದರೂ ತೀವ್ರತೆ ಗೊತ್ತಿರಬೇಕು. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಪೂರ್ತಿ 60 ಸೆಕೆಂಡ್ ನಾಡಿ ಎಣಿಸಿ. ಮೂರು ದಿನದ ಸರಾಸರಿ ಬರೆದಿಡಿ. ಗರಿಷ್ಠ ಬಡಿತಕ್ಕೆ 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ. 45 ವರ್ಷದವರಿಗೆ 176. ವಿಶ್ರಾಂತಿ ಬಡಿತ 82 ಇದ್ದರೆ ನಡುವಿನ ಅಂತರ 94. ಮಧ್ಯಮ ತೀವ್ರತೆ ಎಂದರೆ ಈ ಅಂತರದ ಶೇ 40ರಿಂದ 59ನ್ನು 82ಕ್ಕೆ ಸೇರಿಸುವುದು: 120ರಿಂದ 137. ಅದರ ಮೇಲೆ ಬಿರುಸು.

ಬಿ.ಪಿ.ಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಪೂರ್ತಿ ಸುಳ್ಳು, ಏಕೆಂದರೆ ಮಾತ್ರೆಯೇ ಬಡಿತವನ್ನು ಅದುಮಿಟ್ಟಿರುತ್ತದೆ. ಬೊಜ್ಜಿನಲ್ಲಿ ಮಾತ್ರೆ ಇಲ್ಲದೆಯೂ ಕೆಲವರ ಬಡಿತ ನಿರೀಕ್ಷೆಯಷ್ಟು ಏರುವುದಿಲ್ಲ. ಅಂಥವರಿಗೆ ಮಾತಿನ ಪರೀಕ್ಷೆ ಸಾಕು: ಪೂರ್ತಿ ವಾಕ್ಯ ಮಾತಾಡಬಹುದು, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ, ಮೂರ್ನಾಲ್ಕು ಪದಕ್ಕೇ ಉಸಿರು ಬೇಕಾದರೆ ಬಿರುಸು. ಕೈಗಡಿಯಾರ ತೋರಿಸುವ ಅಂಕಿಗಿಂತ ಇದು ಹೆಚ್ಚು ಪ್ರಾಮಾಣಿಕ.

ನಡಿಗೆ, ಸೈಕಲ್ ಮತ್ತು ಅಂಥ ಏರೋಬಿಕ್ ವ್ಯಾಯಾಮ

ಲಿವರ್‌ನ ಕೊಬ್ಬು, ಹೊಟ್ಟೆಯ ಒಳಗಿನ ಕೊಬ್ಬು, ರಕ್ತದೊತ್ತಡ, ನರಗಳ ಬಿಗಿ: ಈ ನಾಲ್ಕಕ್ಕೂ ಒಂದೇ ವ್ಯಾಯಾಮ ಬೇಕೆಂದರೆ ಇದೇ. ಅಧಿಕ ತೂಕದವರಲ್ಲಿ ಏರೋಬಿಕ್ ಮತ್ತು ತೂಕ ಎತ್ತುವ ವ್ಯಾಯಾಮವನ್ನು ನೇರವಾಗಿ ಹೋಲಿಸಿ 2012ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ರೈಡ್ ಅಧ್ಯಯನದಲ್ಲಿ ಕೊಬ್ಬು ಇಳಿದದ್ದು ಏರೋಬಿಕ್ ಗುಂಪಿನಲ್ಲಿ. ತೂಕ ಎತ್ತಿದವರಲ್ಲಿ ಸ್ನಾಯು ಬೆಳೆಯಿತು, ಕೊಬ್ಬು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಎರಡನ್ನೂ ಮಾಡಿದವರು ದುಪ್ಪಟ್ಟು ಹೊತ್ತು ಹಾಕಿದರೂ ಕೊಬ್ಬಿನ ಇಳಿಕೆಯಲ್ಲಿ ಏರೋಬಿಕ್‌ನವರನ್ನು ಮೀರಲಿಲ್ಲ.

ಮೆದುಳಿನ ಕಡೆಯಿಂದಲೂ ಒಂದು ಮಾತು ಸೇರಿಸಬೇಕು. ಇನ್ಸುಲಿನ್ ಮೆದುಳಿಗೂ ಸಂಕೇತ ಕೊಡುತ್ತದೆ, ಹಸಿವು ಮತ್ತು ತಿನ್ನುವ ಆಸೆಯನ್ನು ತಗ್ಗಿಸುತ್ತದೆ. ಬೊಜ್ಜಿನಲ್ಲಿ ಮೆದುಳೂ ಅದಕ್ಕೆ ಕಿವುಡಾಗಿರುತ್ತದೆ. ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂತೇ ಇರುತ್ತಿದ್ದ ಅಧಿಕ ತೂಕದವರು ಎಂಟು ವಾರ ಏರೋಬಿಕ್ ತರಬೇತಿ ಪಡೆದಾಗ ಈ ಪ್ರತಿಕ್ರಿಯೆ ಮರಳಿತು. ಗುಂಪು ಚಿಕ್ಕದು, ಆದರೆ ಹಸಿವಿನ ವಿಷಯದಲ್ಲಿ ಇಚ್ಛಾಶಕ್ತಿಯನ್ನೇ ದೂರುವವರು ಗಮನಿಸಬೇಕಾದ ಫಲಿತಾಂಶ.

ಪ್ರಮಾಣ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಅಥವಾ 75ರಿಂದ 150 ನಿಮಿಷ ಬಿರುಸಿನ ಚಟುವಟಿಕೆ. 150ರ ಕೆಳಗೆ ತೂಕದಲ್ಲಿ ಹೆಚ್ಚೇನೂ ಆಗುವುದಿಲ್ಲ ಎಂದೇ ತಿಳಿಯಿರಿ. ಇಳಿದ ತೂಕವನ್ನು ಉಳಿಸಿಕೊಳ್ಳಲು 200ರಿಂದ 300 ನಿಮಿಷ ಬೇಕಾಗುತ್ತದೆ. ಆದರೆ ಶುರು ಮಾಡುವುದು ಅಲ್ಲಿಂದಲ್ಲ. ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷದ ಎರಡು ನಡಿಗೆ, ಊಟವಾದ ಅರ್ಧ ಗಂಟೆಯೊಳಗೆ. ಊಟದ ನಂತರದ ಸಕ್ಕರೆಯ ಏರನ್ನು ಕತ್ತರಿಸುವುದರಲ್ಲಿ ಈ ಚಿಕ್ಕ ನಡಿಗೆ ಬೆಳಗಿನ ದೊಡ್ಡ ನಡಿಗೆಗಿಂತ ಹೆಚ್ಚಾಗಿ ಒದಗುತ್ತದೆ. ಆಮೇಲೆ ವಾರಕ್ಕೆ ಒಟ್ಟು ಹೊತ್ತಿನ ಹತ್ತನೇ ಒಂದು ಪಾಲಿನಷ್ಟು ಹೆಚ್ಚಿಸುತ್ತ ಹೋಗಿ. ಒಮ್ಮೆಲೇ ಗಂಟೆಗಟ್ಟಲೆ ನಡೆದವರಿಗೆ ಮೊದಲು ಹಿಡಿಯುವುದು ಹಿಮ್ಮಡಿ ನೋವು ಮತ್ತು ಕಣಕಾಲ ಮುಂಭಾಗದ ನೋವು.

ಟ್ರೆಡ್‌ಮಿಲ್‌ನಲ್ಲಿ ವೇಗ ಏರಿಸುವ ಬದಲು ಇಳಿಜಾರು ಏರಿಸಿ. ಗಂಟೆಗೆ 4.5 ಕಿ.ಮೀ.ನಲ್ಲೇ ಶೇ 5ರ ಏರು ಇಟ್ಟರೆ ಬಡಿತ ಏರುತ್ತದೆ, ಪಾದ ನೆಲಕ್ಕೆ ಬಡಿಯುವ ರಭಸ ಏರುವುದಿಲ್ಲ. ಹಿಡಿಕೆ ಹಿಡಿದು ಜೋತುಬಿದ್ದರೆ ಮಾತ್ರ ಏರಿನ ಲಾಭವೆಲ್ಲ ಹೋಯಿತು. ಯಂತ್ರದ ಮೇಲಿರುವ 'ಕೊಬ್ಬು ಕರಗುವ ವಲಯ' ಎಂಬ ಪಟ್ಟಿಯನ್ನು ಮರೆತುಬಿಡಿ. ಆ ವಲಯದಲ್ಲಿ ಇಂಧನದಲ್ಲಿ ಕೊಬ್ಬಿನ ಪಾಲು ಹೆಚ್ಚು ನಿಜ, ಆದರೆ ವ್ಯಾಯಾಮದ ಹೊತ್ತಿನಲ್ಲಿ ಯಾವ ಇಂಧನ ಉರಿಯಿತು ಎಂಬುದು ದಿನದ ಕೊನೆಯ ಲೆಕ್ಕವನ್ನು ತೀರ್ಮಾನಿಸುವುದಿಲ್ಲ.

ತೂಕ ಎತ್ತುವುದು

ಇನ್ಸುಲಿನ್‌ನಿಂದ ಸಕ್ಕರೆ ಹೋಗಿ ಸೇರುವ ಜಾಗದ ಬಹುಪಾಲು ಅಸ್ಥಿಸ್ನಾಯು. ಆ ಜಾಗ ದೊಡ್ಡದಾದಷ್ಟೂ ಒಳ್ಳೆಯದು. ಆದರೆ 'ಸ್ನಾಯು ಬೆಳೆದರೆ ಮಲಗಿದ್ದಲ್ಲೇ ಕೊಬ್ಬು ಕರಗುತ್ತದೆ' ಎಂಬ ಜಿಮ್ ಮಾತು ಉತ್ಪ್ರೇಕ್ಷೆ. ಒಂದು ಕಿಲೊ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ, ಒಂದು ಕಿಲೊ ಕೊಬ್ಬು ಸುಮಾರು 4.5. ಎರಡು ಕಿಲೊ ಸ್ನಾಯು ಸೇರಿಸಿದರೆ ದಿನಕ್ಕೆ 26. ತೂಕ ಎತ್ತಬೇಕಾದ ಕಾರಣ ಬೇರೆ: ಆಹಾರ ಕಡಿಮೆ ಮಾಡಿ ತೂಕ ಇಳಿಸಿದಾಗ ಇಳಿದದ್ದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಗಾಂಶವೇ ಆಗಿರುತ್ತದೆ. ಆ ನಷ್ಟ ತಡೆಯುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಹಸಿವು ತಗ್ಗಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ಇದನ್ನು ಬಿಡಲೇಬಾರದು.

ಇಲ್ಲಿ ನರಗಳ ಪಾತ್ರ ಸ್ವಾಯತ್ತ ನರಮಂಡಲದ್ದಲ್ಲ, ಚಲನೆಯ ನರಗಳದ್ದು. ಮೊದಲ ಆರೆಂಟು ವಾರ ಬರುವ ಬಲದಲ್ಲಿ ಹೆಚ್ಚಿನದು ನರದಿಂದ ಬರುತ್ತದೆ: ಮೆದುಳು ಮತ್ತು ಬೆನ್ನುಹುರಿ ಹೆಚ್ಚು ಚಾಲಕ ಘಟಕಗಳನ್ನು (ಒಂದು ನರಕೋಶ ಮತ್ತು ಅದು ನಡೆಸುವ ಸ್ನಾಯು ಎಳೆಗಳು) ಕೆಲಸಕ್ಕೆ ಕರೆಯುತ್ತವೆ, ಸಂಕೇತಗಳನ್ನು ಬೇಗ ಬೇಗ ಕಳಿಸುತ್ತವೆ, ಎದುರು ಸ್ನಾಯುವಿನ ಅನಗತ್ಯ ಬಿಗಿ ಬಿಡುತ್ತದೆ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ಕುರ್ಚಿಯಿಂದ ಏಳುವುದು ಹಗುರವಾಗುತ್ತದೆ. ಈ ಹಂತದಲ್ಲೇ ಫಲವಿಲ್ಲವೆಂದು ಬಿಡುವವರು ಸ್ನಾಯು ಬೆಳೆಯುವ ಹೊತ್ತಿಗೆ ಜಿಮ್‌ನಲ್ಲಿ ಇರುವುದಿಲ್ಲ.

ವಾರಕ್ಕೆ ಎರಡು ದಿನ, ನಡುವೆ 48 ಗಂಟೆ ಅಂತರ. ಐದು ಚಲನೆ ಸಾಕು: ಕುರ್ಚಿಯಿಂದ ಏಳುವುದು ಅಥವಾ ಸ್ಕ್ವಾಟ್, ಗೋಡೆಗೆ ಕೈಕೊಟ್ಟು ತಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು, ಸೊಂಟದಿಂದ ಬಾಗಿ ಭಾರ ಎತ್ತುವುದು, ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ನಡೆಯುವುದು. ಮೊದಲ ನಾಲ್ಕು 8ರಿಂದ 12 ಸಲ, ಎರಡು ಅಥವಾ ಮೂರು ಸುತ್ತು. ನಡಿಗೆಯನ್ನು ಅರ್ಧ ನಿಮಿಷದ ಸುತ್ತುಗಳಾಗಿ. ಸುತ್ತುಗಳ ನಡುವೆ ಒಂದೂವರೆ ನಿಮಿಷ ಬಿಡುವು. ಇನ್ನೆರಡು ಸಲ ಆಗುತ್ತಿತ್ತು ಎನ್ನುವಾಗ ನಿಲ್ಲಿಸಿ. ಸತತ ಎರಡು ದಿನ ಹನ್ನೆರಡೂ ಸರಾಗವಾಗಿ ಬಂದರೆ ಭಾರ ಶೇ 5ರಷ್ಟು ಹೆಚ್ಚಿಸಿ. ಭಾರ ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಕ್ಷಣದಲ್ಲಿ ಮೇಲಕ್ಕೆ ಹಾರುತ್ತದೆ. ಕುರ್ಚಿಯಿಂದ ಏಳುವಾಗ ಮೊಣಕಾಲು ಒಳಕ್ಕೆ ಕುಸಿಯುತ್ತಿದೆ ಎಂದರೆ ಕುರ್ಚಿ ತಗ್ಗಾಯಿತು. ಎತ್ತರದ ಕುರ್ಚಿಯಿಂದ ಶುರುಮಾಡಿ.

ಇಂಟರ್ವಲ್: ಕಡಿಮೆ ಹೊತ್ತು, ಹೆಚ್ಚು ಬಿರುಸು

ಬಿರುಸು, ಹಗುರ ಎಂದು ಸರದಿಯಲ್ಲಿ ಮಾಡುವ ಈ ಪದ್ಧತಿಯ ಸುತ್ತ ಗದ್ದಲ ಹೆಚ್ಚು. ಕೊಬ್ಬು ಇಳಿಸುವುದರಲ್ಲಿ ಇಂಟರ್ವಲ್ ಮತ್ತು ಸಾಮಾನ್ಯ ಮಧ್ಯಮ ವ್ಯಾಯಾಮ ಹೆಚ್ಚುಕಡಿಮೆ ಸಮ ಎಂದೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ. ವ್ಯಾಯಾಮ ಮುಗಿದ ಮೇಲೂ ಗಂಟೆಗಟ್ಟಲೆ ಕ್ಯಾಲೊರಿ ಉರಿಯುತ್ತದೆ ಎಂಬ ಜಾಹೀರಾತಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಆ ಹೆಚ್ಚುವರಿ ಖರ್ಚು ವ್ಯಾಯಾಮದಲ್ಲಿ ಖರ್ಚಾದುದರ ಒಂದು ಚಿಕ್ಕ ಪಾಲು ಮಾತ್ರ. ಇಂಟರ್ವಲ್ ಗೆಲ್ಲುವುದು ಹೃದಯ ಮತ್ತು ಶ್ವಾಸಕೋಶದ ಸಾಮರ್ಥ್ಯದಲ್ಲಿ, ಮತ್ತು ಉಳಿತಾಯವಾಗುವ ಹೊತ್ತಿನಲ್ಲಿ. ಬಿರುಸಿನ ವ್ಯಾಯಾಮದ ಬೆನ್ನಲ್ಲೇ ಹಸಿವಿನ ಹಾರ್ಮೋನು ಗ್ರೆಲಿನ್ ಕೆಲವು ಗಂಟೆ ತಗ್ಗುವುದೂ ಒಂದು ಲಾಭ. ಮಂದ ನಡಿಗೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಹೆಚ್ಚು ಪರೀಕ್ಷಿತವಾದ ರೂಪ ನಾರ್ವೆಯ ನಾಲ್ಕು-ನಾಲ್ಕು ಪದ್ಧತಿ: 10 ನಿಮಿಷ ಮೈ ಬಿಸಿ ಮಾಡಿ, 4 ನಿಮಿಷ ಗರಿಷ್ಠ ಬಡಿತದ ಶೇ 85ರಿಂದ 95ರಲ್ಲಿ, ಹೀಗೆ ನಾಲ್ಕು ಸಲ, ಅವುಗಳ ನಡುನಡುವೆ 3 ನಿಮಿಷ ಹಗುರ ನಡಿಗೆ, ಕೊನೆಗೆ 5 ನಿಮಿಷ ತಣಿಸುವುದು. ಒಟ್ಟು 40 ನಿಮಿಷ. ಮೇಲಿನ ಉದಾಹರಣೆಯವರಿಗೆ ಗುರಿ 150ರಿಂದ 167. ಕೆಡುವುದು ಮೊದಲ ನಿಮಿಷದಲ್ಲೇ. ಬಡಿತ ಆ ಮಟ್ಟ ಮುಟ್ಟಲು ಒಂದೆರಡು ನಿಮಿಷ ಬೇಕು. ಅಂಕಿ ಏರಲಿಲ್ಲವೆಂದು ಆರಂಭದಲ್ಲೇ ಓಡಿದವರು ಮೂರನೇ ನಿಮಿಷಕ್ಕೆ ನಿಂತುಬಿಡುತ್ತಾರೆ. ಓಡಲೇಬೇಕಿಲ್ಲ, ಏರು ಹತ್ತಿದರೂ, ಸೈಕಲ್ ತುಳಿದರೂ ಆಯಿತು.

ನಮ್ಮ ಅಭಿಪ್ರಾಯದಲ್ಲಿ ಇದು ಮೊದಲ ಆಯ್ಕೆಯಲ್ಲ. ಎಂಟರಿಂದ ಹನ್ನೆರಡು ವಾರ ನಡೆದ ಮೇಲೆ ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ನರಗಳು ಮೊದಲೇ ಬಿಗಿಯಾಗಿರುವ ದೇಹಕ್ಕೆ ದಿನವೂ ಈ ಹೊಡೆತ ಕೊಟ್ಟರೆ ಬೆಳಗಿನ ಬಡಿತ ಐದಾರು ಹೆಚ್ಚಾಗುತ್ತದೆ, ನಿದ್ದೆ ಒಡೆಯುತ್ತದೆ. ಆ ಎರಡು ಗುರುತು ಕಂಡರೆ ಒಂದು ವಾರ ನಡಿಗೆಗೇ ಮರಳಿ. ಎದೆನೋವು, ಹೃದ್ರೋಗದ ಹಿನ್ನೆಲೆ, ಹತೋಟಿಗೆ ಬಾರದ ಬಿ.ಪಿ. ಇದ್ದವರು ವೈದ್ಯರ ಪರೀಕ್ಷೆ ಇಲ್ಲದೆ ಇದಕ್ಕೆ ಕೈಹಾಕಬಾರದು.

ನೀರು, ಗೋಡೆ, ಉಸಿರು

ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ದೇಹತೂಕದ ಮೂರನೇ ಒಂದು ಭಾಗದಷ್ಟೇ. ಮೊಣಕಾಲು ಸವೆದವರಿಗೆ ಇದೇ ದಾರಿ. ನೀರಿನ ಒತ್ತಡದಿಂದ ಬಡಿತ ನೆಲದ ಮೇಲಿನದಕ್ಕಿಂತ ಸುಮಾರು ಹತ್ತು ಕಡಿಮೆ ತೋರಿಸುತ್ತದೆ, ಹಾಗಾಗಿ ಮಾತಿನ ಪರೀಕ್ಷೆಯನ್ನೇ ಬಳಸಿ. ತಣ್ಣೀರಿನಲ್ಲಿ ಈಜಿ ಬಂದವರಿಗೆ ಹಸಿವು ವಿಪರೀತವಾಗುತ್ತದೆ. ಬೆಚ್ಚಗಿನ ಕೊಳ ಆರಿಸಿ.

ಬಿ.ಪಿ.ಯೇ ಮುಖ್ಯ ತೊಂದರೆಯಾಗಿದ್ದರೆ ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಂತೆ ಕೂರುವ ವ್ಯಾಯಾಮ ಅಚ್ಚರಿ ಹುಟ್ಟಿಸುವಷ್ಟು ಫಲಕಾರಿ: 2 ನಿಮಿಷ ಕೂತು 2 ನಿಮಿಷ ಬಿಡುವು, ನಾಲ್ಕು ಸಲ, ವಾರಕ್ಕೆ ಮೂರು ದಿನ. ಭಾರವಿರುವವರು ತೊಡೆಯನ್ನು ನೆಲಕ್ಕೆ ಸಮಾನಾಂತರ ತರಬೇಕಿಲ್ಲ, ಅರ್ಧಕ್ಕೆ ನಿಲ್ಲಿ.

ನಿಮಿಷಕ್ಕೆ ಆರು ಉಸಿರಿನ ನಿಧಾನ ಉಸಿರಾಟ, 5 ಸೆಕೆಂಡ್ ಒಳಗೆ, 5 ಸೆಕೆಂಡ್ ಹೊರಗೆ, ಮಂಕಾದ ಒತ್ತಡ ಗ್ರಾಹಕಗಳನ್ನು ಆ ಹೊತ್ತಿಗೆ ಚುರುಕುಗೊಳಿಸುತ್ತದೆ. ಚಯಾಪಚಯಕ್ಕೆ ಇದರಿಂದ ಏನೂ ಇಲ್ಲ. ಮಲಗುವ ಮುಂಚಿನ ಹತ್ತು ನಿಮಿಷಕ್ಕೆ ತಕ್ಕುದು, ವ್ಯಾಯಾಮಕ್ಕೆ ಬದಲಿಯಲ್ಲ.

ನಿಮ್ಮ ಸ್ಥಿತಿಗೆ ಯಾವುದು

ಟೈಪ್ 2 ಮಧುಮೇಹವಿದ್ದರೆ ಏರೋಬಿಕ್, ತೂಕ ಎತ್ತುವುದು ಎರಡನ್ನೂ ಬೆರೆಸಿ. 2010ರ ಹಾರ್ಟ್-ಡಿ ಅಧ್ಯಯನದಲ್ಲಿ ಒಟ್ಟು ಹೊತ್ತು ಹೆಚ್ಚುಕಡಿಮೆ ಒಂದೇ ಇಟ್ಟು ನೋಡಿದಾಗ, ಮೂರು ತಿಂಗಳ ಸಕ್ಕರೆಯ ಸರಾಸರಿ ಖಚಿತವಾಗಿ ಇಳಿದದ್ದು ಏರೋಬಿಕ್ ಮತ್ತು ತೂಕ ಎರಡನ್ನೂ ಮಾಡಿದವರಲ್ಲಿ ಮಾತ್ರ. ಇನ್ಸುಲಿನ್ ಅಥವಾ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಸಲ್ಫೊನಿಲ್ ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಶುರುಮಾಡುವ ಮುನ್ನ ಸಕ್ಕರೆ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಸುಮಾರು 15 ಗ್ರಾಂ ಕಾರ್ಬೊಹೈಡ್ರೇಟ್ ತಿಂದು ಶುರುಮಾಡಿ. ಸಕ್ಕರೆ ಕುಸಿಯುವುದು ವ್ಯಾಯಾಮದ ಹೊತ್ತಿನಲ್ಲೇ ಆಗಬೇಕೆಂದಿಲ್ಲ, ಆ ರಾತ್ರಿಯೂ ಆಗಬಹುದು.

ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿಗೆ ನಿಯಮಿತ ವ್ಯಾಯಾಮ, ತೂಕ ಇಳಿಯದಿದ್ದರೂ, ಆ ತೊಂದರೆಯ ತೀವ್ರತೆಯನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಮಲಗುವಾಗ ಗಾಳಿ ಒತ್ತಿ ಕೊಡುವ ಯಂತ್ರದ ಚಿಕಿತ್ಸೆ ಹೇಳಿದ್ದರೆ ಅದನ್ನು ಬಿಡಬೇಡಿ, ರಾತ್ರಿಯಿಡೀ ಸಿಂಪಥೆಟಿಕ್ ನರಗಳನ್ನು ಕೆರಳಿಸುವುದು ಆ ಉಸಿರುಗಟ್ಟುವಿಕೆಯೇ.

ಪಾದದಲ್ಲಿ ಜುಮುಗುಟ್ಟುವುದು, ಉರಿ, ಮರಗಟ್ಟುವುದು ಮಧುಮೇಹಕ್ಕೆ ಮುಂಚೆಯೇ, ಬೊಜ್ಜಿನಲ್ಲೇ ಶುರುವಾಗಬಹುದು. ವ್ಯಾಯಾಮದಿಂದ ಚರ್ಮದ ಸೂಕ್ಷ್ಮ ನರತಂತುಗಳು ಮತ್ತೆ ಬೆಳೆಯಬಲ್ಲವು ಎಂಬುದಕ್ಕೆ ಚಿಕ್ಕ ಅಧ್ಯಯನಗಳ ಆಧಾರವಿದೆ, ಹಾಗಾಗಿ ಹೆದರಿ ಕೂರಬೇಕಿಲ್ಲ. ಸೈಕಲ್ ಅಥವಾ ಗಾಯವಿಲ್ಲದ ಪಾದವಾದರೆ ನಡಿಗೆ. ಹೊಲಿಗೆ ಒತ್ತದ ಬೂಟು, ಒಣ ಕಾಲುಚೀಲ. ಮುಗಿದ ಮೇಲೆ ಬೆರಳ ಸಂದು ಮತ್ತು ಅಂಗಾಲನ್ನು ಕನ್ನಡಿ ಹಿಡಿದು ನೋಡಿ, ಏಕೆಂದರೆ ಗುಳ್ಳೆ ಎದ್ದದ್ದು ನೋವಿನಿಂದ ಗೊತ್ತಾಗುವುದಿಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಸ್ವಾಯತ್ತ ನರಗಳಿಗೂ ಪೆಟ್ಟು ಬಿದ್ದಿರಬಹುದು. ಮೊದಲು ವೈದ್ಯರಿಗೆ ತೋರಿಸಿ.

ಯಾವ ಕಾಯಿಲೆಯೂ ಇಲ್ಲ, ಹೊತ್ತೇ ಇಲ್ಲ ಎನ್ನುವವರು ದಿನಕ್ಕೆ ಮೂರು ಊಟದ ನಂತರ ಹತ್ತು ಹತ್ತು ನಿಮಿಷ ನಡೆದು, ವಾರಕ್ಕೆ ಎರಡು ಸಲ 25 ನಿಮಿಷ ಮೇಲಿನ ಐದು ಚಲನೆ ಮಾಡಿದರೆ ವಾರದ ಪ್ರಮಾಣ ದಾಟುತ್ತದೆ. ಕುರ್ಚಿಯ ಕೆಲಸದವರು ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಎದ್ದು ಓಡಾಡುವುದನ್ನು ಇದಕ್ಕೆ ಸೇರಿಸಿಕೊಳ್ಳಿ. ಬೆಳಿಗ್ಗೆಯೋ ಸಂಜೆಯೋ ಎಂಬ ಚರ್ಚೆಗೆ ಹೆಚ್ಚು ಬೆಲೆ ಕೊಡಬೇಡಿ, ತಪ್ಪದೆ ಸಿಗುವ ಹೊತ್ತೇ ಸರಿ.

ಫಲ ಬರುತ್ತಿದೆಯೇ ಎಂದು ನೋಡುವುದು

ತೂಕ ವಾರಕ್ಕೊಮ್ಮೆ ಸಾಕು. ಶುರುವಿನ ಎರಡು ಮೂರು ವಾರ ಅದು ಅರ್ಧ, ಒಂದು ಕಿಲೊ ಏರುವುದೂ ಉಂಟು: ಸ್ನಾಯು ಗ್ಲೈಕೊಜೆನ್ (ಸಕ್ಕರೆಯ ದಾಸ್ತಾನು) ತುಂಬಿಕೊಳ್ಳುವಾಗ ಅದರ ಜೊತೆಗೆ ಮೂರುಪಟ್ಟಿನಷ್ಟು ನೀರನ್ನೂ ಹಿಡಿಯುತ್ತದೆ. ಸೊಂಟದ ಸುತ್ತಳತೆಯನ್ನು ಎರಡು ವಾರಕ್ಕೊಮ್ಮೆ, ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಟ್ಟದಲ್ಲಿ ಅಳೆಯಿರಿ.

ನರಗಳಿಗೆ ಎರಡು ಅಳತೆ. ಒಂದು, ಬೆಳಗಿನ ಬಡಿತ. ಇನ್ನೊಂದು, ಬಿರುಸಾಗಿ ನಡೆದು ನಿಲ್ಲಿಸಿದ ಕ್ಷಣದ ಬಡಿತಕ್ಕೂ ಒಂದು ನಿಮಿಷದ ನಂತರದ್ದಕ್ಕೂ ಇರುವ ಅಂತರ. ಆ ಮೊದಲ ನಿಮಿಷದಲ್ಲಿ ಬಡಿತವನ್ನು ಇಳಿಸುವುದು ಮುಖ್ಯವಾಗಿ ಪ್ಯಾರಾಸಿಂಪಥೆಟಿಕ್ ನರ. ಆಸ್ಪತ್ರೆಯ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಇಳಿಕೆ 12 ಅಥವಾ ಅದಕ್ಕೂ ಕಡಿಮೆಯಾದರೆ ಅಸಹಜ ಎನ್ನುತ್ತಾರೆ. ಮನೆಯ ಅಳತೆಯನ್ನು ಆ ಅಂಕಿಗೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ತಿಂಗಳ ಅಂಕಿಗೆ ಹೋಲಿಸಿ. ಅದೇ ದಾರಿ, ಅದೇ ವೇಗ, ಅದೇ ಹೊತ್ತು, ಕಾಫಿ ಕುಡಿಯುವ ಮುಂಚೆ. ನಿಲ್ಲಿಸಿದ ಮೇಲೆ ಪ್ರತಿ ಸಲವೂ ಒಂದೇ ರೀತಿ, ನಿಂತೇ ಅಥವಾ ಕೂತೇ ಎಣಿಸಿ. ಕೂತರೆ ಬಡಿತ ಬೇಗ ಇಳಿಯುತ್ತದೆ, ಹಾಗಾಗಿ ಒಮ್ಮೆ ನಿಂತು ಒಮ್ಮೆ ಕೂತು ತೆಗೆದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಇಲ್ಲದ ಸುಧಾರಣೆ ಕಾಣುತ್ತದೆ.